ಸಿಡಿಲುಮರಿಯ ಕುದುರೆ

ಮೊದಲು ತುತ್ತೂರಿ, ಆಮೇಲೆ ಬಾವುಟ, ಬಾವುಟ ಬಾಗಿದೊಡನೆ ಸಿಡಿಲುಮರಿ, ಅವನ ಹಿಂದೆ ಇಡೀ ಸೈನ್ಯ — ಕ್ರಮ ಇಷ್ಟೇ, ತುತ್ತೂರಿಯವನು ಇನ್ನೂ ಬಾಯಿ ಒರೆಸಿಕೊಳ್ಳುತ್ತಿದ್ದಾನೆ, ಬೆಳಗಿನ ಮಂಜು ಕವಿದಿದೆ, ಕಣ್ಣೆದುರು ತನ್ನ ಹೆಣ್ಣುಕುದುರೆಯ ಎರಡು ಕಿವಿಗಳು, ಒಳಗೆ ಅರಳೆ ತುರುಕಿದ್ದರಿಂದ, ಒದ್ದೆ ಬಟ್ಟೆಯಂತೆ ಜೋಲುಬಿದ್ದಿವೆ, ಜೋಲಲಿ, ಈ ದಂಡಿನಲ್ಲಿ ಬುದ್ಧಿಯಿರುವವನು ತಾನೊಬ್ಬನೇ ಎಂಬುದಕ್ಕೆ ಆ ಅರಳೆಯೇ ಸಾಕ್ಷಿ, ಉಳಿದವರ ಶಿರಸ್ತ್ರಾಣಗಳೆಲ್ಲ ಖಾಲಿ ಮಡಕೆಯ ಮುಚ್ಚಳಗಳು. ತಾನು ಸಿಡಿಲುಮರಿಯಂತೆ! ಈ ಹೆಸರಿಟ್ಟವನು ದಳಪತಿ, ಮೀಸೆ ಬಂದ ಕುಂಬಳಕಾಯಿ, ನಿನ್ನೆ ಬೆನ್ನು ತಟ್ಟಿದ, ಒಬ್ಬನೇ ಶತ್ರುಗಳ ಪಾಳೆಯಕ್ಕೆ ನುಗ್ಗಿದೆಯಲ್ಲೋ, ಎಂಥಾ ಗುಂಡಿಗೆಯಯ್ಯಾ ನಿಂದು, ನಾಳೆ ಎಲ್ಲರಿಗಿಂತ ಮುಂದೆ ನೀನೇ — ಗುಂಡಿಗೆ ಆಗ ಬಾಯಿಗೆ ಬಂದಿತ್ತು, ಮೊದಲು ಈ ಕಿವಿಗಳು ನೆಟ್ಟಗಾದವು, ಮರುಕ್ಷಣ ಓಟ, ಲಗಾಮು ಬಿಟ್ಟು ಕುದುರೆಯ ಕುತ್ತಿಗೆ ತಬ್ಬಿ ಅರಚಿದ್ದನ್ನು ಇವರು ರಣಘೋಷವೆಂದರು, ಆ ಶತ್ರುಗಳಾದರೂ ಏನು ಘನಪಂಡಿತರು, ಒಬ್ಬನೇ ಬರುವನೆಂದರೆ ಹಿಂದೆ ಸಾವಿರ ಜನ ಅಡಗಿರಬೇಕೆಂದು ಕಾಲಿಗೆ ಬುದ್ಧಿ ಹೇಳಿದವರು. ನಿಜ ತಿಳಿದದ್ದು ಲಾಯ ನೋಡಿಕೊಳ್ಳುವ ಭಾವಮೈದನಿಗೆ ಮಾತ್ರ, ಹಲ್ಲು ಕಿರಿಯುತ್ತ ಅಂದ, ಶೌರ್ಯ ಅಲ್ಲ ಭಾವಾ, ಹಸಿವು, ಕಾಳು ಹಾಕೋ ಮುಂಚೆ ನಾನು ದಿನಾ ತಾಮ್ರದ ಪರಾತ, ಆ ದೊಡ್ಡ ತಟ್ಟೆ, ಬಡೀತೀನಲ್ಲ, ಅವರ ಕಾವಲುಗಾರನೂ ಪರಾತನೇ ಬಡಿದ, ಇವಳು ಊಟಕ್ಕೆ ಕರೆದ್ರು ಅಂದ್ಕೊಂಡ್ಲು, ನಾಳೆ ಅವರು ಓಡಲ್ಲ, ಈಟಿ ನೆಟ್ಕೊಂಡು ಕೂತಿರ್ತಾರೆ, ಅಕ್ಕನಿಗೆ ಏನಂತ ಹೇಳ್ಲಿ? ಏನೂ ಹೇಳಬೇಡ ಪೆದ್ದಾ, ಕಾರಣ ಸದ್ದು, ಸದ್ದು ತಡೆದರೆ ಓಟ ನಿಲ್ಲುತ್ತದೆ, ಅರಳೆ ತಾ — ತಂದ, ದಡ್ಡನಾದರೂ ಹೇಳಿದ್ದು ಕೇಳುತ್ತಾನೆ. ತುತ್ತೂರಿ ಮೊಳಗಿತು, ಬಾವುಟ ಬಾಗಿತು, ಎದುರು ದಿಬ್ಬದ ಮೇಲೆ ಪರಾತ ಢಣಢಣ — ಕುದುರೆ ಕದಲಲಿಲ್ಲ, ಆಹಾ, ಕಿವಿಗಳು ಜೋತೇ ಇವೆ, ಯಾಕೋ ನಿಂತೆ ಸಿಡಿಲುಮರಿ, ಕುದುರೆಗೆ ಜ್ವರ ಸ್ವಾಮಿ, ನಡುಗ್ತಿದೆ ನೋಡಿ, ನಡುಗುತ್ತಿರುವುದು ಅದರ ಮೇಲೆ ಕುಳಿತವನ ತೊಡೆ ಎಂದು ಆ ಕುಂಬಳಕಾಯಿಗೆ ಹೊಳೆದರೆ ತಾನೆ, ಇನ್ನೇನು ಇಳಿ ಎನ್ನುತ್ತಾನೆ, ಇನ್ನೇನು ಲಾಯ, ಹುಲ್ಲಿನ ರಾಶಿ, ಸುಖನಿದ್ರೆ — ಅಷ್ಟರಲ್ಲಿ ಮಂಜು ಹರಿದು ಬಿಸಿಲು ಬಿತ್ತು, ದಿಬ್ಬದ ಮೇಲೆ ತಾಮ್ರ ಝಗ್ಗೆಂದಿತು, ಕಣ್ಣೆದುರು ಆ ಎರಡು ಕಿವಿಗಳು, ಅರಳೆಯ ಸಮೇತ, ಮೆಲ್ಲಗೆ, ನೆಟ್ಟಗೆ, ನಿನ್ನೆಯಂತೆಯೇ, ಕಿವಿಗಳು, ನೆಟ್ಟಗೆ. ಕುದುರೆ ಓಡುವುದು ಪರಾತದ ಸದ್ದಿಗಲ್ಲ, ಹೊಳಪಿಗೆ.