ಹದಿನೇಳನೇ ನಂಬರಿನ ಬೆಲ್ಟ್

ಎಡಗೈಯಲ್ಲಿ ಕ್ಯಾನ್ವಾಸನ್ನು ಬಿಗಿಯಾಗಿ ಎಳೆದು ಹಿಡಿದು, ಬ್ಲೇಡಿನ ಮೂಲೆಯಿಂದ ನಫೀಸತ್ ಒಂದೊಂದೇ ಹೊಲಿಗೆ ಬಿಚ್ಚುತ್ತಿದ್ದಳು. ಅವಳೇ ಹಾಕಿದ ಹೊಲಿಗೆ. ಉದ್ದಕ್ಕೆ ಎರಡು ಸಾಲು, ಮೂಲೆಗಳಲ್ಲಿ ಮೂರು. ಗಟ್ಟಿಯಿರಲಿ ಎಂದು ಹಾಕಿದ್ದು ಈಗ ಅವಳನ್ನೇ ಸತಾಯಿಸುತ್ತಿತ್ತು. ಒಲೆಯ ಮೇಲೆ ಕಡಲೆ ಗಸಿ ಕುದಿಯುತ್ತಿತ್ತು. ಗಂಡ ಇಮ್ತಿಯಾಜ್ ಶುಕ್ರವಾರದ ಜುಮಾ ನಮಾಜು ಮುಗಿಸಿ, ವಿಮೆ ಕಂಪನಿಯವನನ್ನು ಊಟಕ್ಕೆ ಕರೆದುಕೊಂಡು ಬರುವವನಿದ್ದ. ಅಷ್ಟರೊಳಗೆ ಇದು ಮುಗಿಯಬೇಕಿತ್ತು.

"ಕ್ಯಾನ್ವಾಸ್ ಹೊಸತುಂಟು, ಹಾಳು ಮಾಡ್ಬೇಡ. ಬಿಚ್ಚಿ ತೊಳೆದಿಡು, ಬೇರೆ ಬೆಲ್ಟಿಗೆ ಆಗ್ತದೆ. ಹಗ್ಗ ಮಾತ್ರ ತುಂಡು ಮಾಡಿ ಕಸಕ್ಕೆ ಹಾಕು," ಎಂದು ಬೆಳಿಗ್ಗೆ ಹೇಳಿ ಹೋಗಿದ್ದ. ಚಹಾಕ್ಕೆ ಸಕ್ಕರೆ ಕಮ್ಮಿ ಎನ್ನುವ ಸ್ವರದಲ್ಲೇ ಹೇಳಿದ್ದ.

ಮನುಷ್ಯನೊಬ್ಬನನ್ನು ಮರದ ಮೇಲಿಂದ ಬೀಳಿಸಿದ ಬೆಲ್ಟಿನ ಬಟ್ಟೆ ಮತ್ತೊಬ್ಬನ ಬೆನ್ನಿಗೆ!

ಅರಬ್ ನಾಡಿನ ಹುಫೂಫ್ ಪೇಟೆಯಲ್ಲಿ ಇಮ್ತಿಯಾಜ್ ನೋಡಿಕೊಳ್ಳುವ ಅಂಗಡಿಯಲ್ಲಿ ಖರ್ಜೂರದ ತೋಟಕ್ಕೆ ಬೇಕಾದ್ದೆಲ್ಲ ಸಿಗುತ್ತಿತ್ತು: ಕತ್ತಿ, ಗೊನೆಗೆ ಕಟ್ಟುವ ಬಲೆಚೀಲ, ಕೆಂಪು ಹುಳದ ಔಷಧ, ನೀರಿನ ಪೈಪು. ಅಂಗಡಿಯ ಹೆಸರು, ಪರವಾನಗಿ ಎಲ್ಲ ಇವರಿಗೆ ವೀಸಾ ಕೊಟ್ಟ ಅರಬ್ ಧಣಿ, ಕಫೀಲ್ ಅಬ್ದುಲ್ ಅಝೀಝ್‌ನದು. ಹಂಗಾಮಿನಲ್ಲಿ ಮರ ಹತ್ತುವ ಆಳುಗಳನ್ನೂ ಅಂಗಡಿಯಿಂದಲೇ ತೋಟಗಳಿಗೆ ಕಳಿಸುತ್ತಿದ್ದರು. ಮರವನ್ನೂ ಹತ್ತುವವನ ಸೊಂಟವನ್ನೂ ಸುತ್ತುವ ದಪ್ಪ ಹಗ್ಗ, ಬೆನ್ನಿನ ಕಡೆ ಒರಗಿಕೊಳ್ಳಲು ಕ್ಯಾನ್ವಾಸಿನ ಅಗಲ ದಿಂಬು. ಇಷ್ಟೇ ಬೆಲ್ಟು. ಮೇಲೆ ಹೋದವನ ಜೀವ ಅದರ ಮೇಲೆ.

ವರ್ಷಕ್ಕೊಮ್ಮೆ ಎಲ್ಲ ಬೆಲ್ಟುಗಳನ್ನೂ ಬದಲಿಸಬೇಕು ಎಂದು ವಿಮೆಯ ಕಾಗದದಲ್ಲಿತ್ತು. ಅಂಗಡಿಗೆ ಪ್ರತಿ ವರ್ಷ ಹೊಸ ಬೆಲ್ಟು ಬರುತ್ತಿದ್ದುದೂ ನಿಜ, ಅದಕ್ಕೆ ಬಿಲ್ಲೂ ಇತ್ತು. ಆದರೆ ಹೊಸತೆಲ್ಲ ಗಿರಾಕಿಗಳಿಗೆ ಹೋಗುತ್ತಿತ್ತು. ಹಳೆಯದು ಫೆಬ್ರವರಿಯಲ್ಲಿ ಚೀಲ ತುಂಬಿ ನಫೀಸತ್‌ಳ ಮನೆಗೆ ಬರುತ್ತಿತ್ತು. ಹಳೆ ಹಗ್ಗಕ್ಕೆ ಅವಳು ಹೊಸ ಕ್ಯಾನ್ವಾಸ್ ಹಾಕಿ, ಕೆಂಪು ದಾರದಲ್ಲಿ ಒಬ್ಬೊಬ್ಬ ಆಳಿನ ನಂಬರು ಹೊಲಿಯುತ್ತಿದ್ದಳು. ಐದು ವರ್ಷದಿಂದ ಹೀಗೇ. ಹರಿದದ್ದು, ಕಿತ್ತದ್ದು ಏನಿದ್ದರೂ ನಫೀಸತ್‌ಗೆ ಕೊಡು ಎನ್ನುವುದು ಇಮ್ತಿಯಾಜ್‌ಗೆ ಎಷ್ಟು ರೂಢಿಯಾಗಿತ್ತೆಂದರೆ, ತುಂಡಾದ ಬೆಲ್ಟನ್ನೂ ತೋಟದಿಂದ ಪಿಕಪ್ಪಿನಲ್ಲಿ ಹಾಕಿಕೊಂಡು ನೇರ ಮನೆಗೇ ತಂದಿದ್ದ.

ಬಿದ್ದವರು ಹಸನಬ್ಬ. ಫರಂಗಿಪೇಟೆಯ ಕಡೆಯವರು. ಮಂಗಳವಾರ ಬೆಳಿಗ್ಗೆ ಗೊನೆ ಕೊಯ್ಯುವಾಗ, ಎರಡು ಮಾಳಿಗೆಯಷ್ಟು ಎತ್ತರದಿಂದ ಬಿದ್ದು ಸೊಂಟ ಮುರಿದಿತ್ತು. ಬಿದ್ದಲ್ಲಿಗೆ ಮೊದಲು ಓಡಿದವನು ಇಮ್ತಿಯಾಜ್. ಆಸ್ಪತ್ರೆಗೆ ಸೇರಿಸಿದವನೂ ಅವನೇ. "ಬೆಲ್ಟ್ ಹಾಕದೆ ಹತ್ತಿದ್ರು" ಎಂದು ಎಲ್ಲರಿಗೂ ಹೇಳಿದವನೂ ಅವನೇ.

ಬೆಲ್ಟ್ ಹಾಕದೆ ಹತ್ತಿದ್ದರೆ ತಪ್ಪು ಹಸನಬ್ಬರದು. ಪರಿಹಾರವಿಲ್ಲ, ಊರಿಗೆ ಟಿಕೆಟ್ ಅಷ್ಟೇ. ಹಳೆಯ ಬೆಲ್ಟು ತುಂಡಾಗಿ ಬಿದ್ದದ್ದಾದರೆ ಅಂಗಡಿಯ ತಪ್ಪು. ಪರಿಹಾರ ಅವರಿಗೆ ಸಿಕ್ಕೇ ಸಿಗುತ್ತದೆ. ಇದನ್ನು ಇಮ್ತಿಯಾಜೇ ಅವಳಿಗೆ ಬಿಡಿಸಿ ಹೇಳಿದ್ದ, ಅವಳು ಬ್ಲೇಡ್ ಹಿಡಿಯಬೇಕಲ್ಲ.

ನಿನ್ನೆ ಹಸನಬ್ಬರ ಹೆಂಡತಿ ರುಕಯ್ಯಾ ಊರಿನಿಂದ ಫೋನ್ ಮಾಡಿದ್ದರು.

"ನಫೀಸಾ, ನೀನಾದ್ರೂ ಸರಿ ಹೇಳು. ಇವರು ಬೆಲ್ಟ್ ಹಾಕ್ಲಿಲ್ಲವಂತೆ? ಇವರಾ? ಇಲ್ಲಿ ತೋಡಿಗೆ ಹಾಕಿದ ಅಡಿಕೆ ಮರದ ಸಂಕ ದಾಟುವಾಗ ನನ್ನ ಕೈ ಹಿಡಿದುಕೊಳ್ಳುವ ಜನ ಮಾರಾಯ್ತಿ. ನಾನು ನಗಾಡ್ತಿದ್ದೆ."

"ನನಗೆ ಸರಿ ಗೊತ್ತಿಲ್ಲ," ಎಂದಿದ್ದಳು ನಫೀಸತ್. ಆ ಮೂರು ಶಬ್ದ ನಿನ್ನೆಯಿಂದ ಬಾಯಲ್ಲಿ ಔಷಧದ ಕಹಿಯ ಹಾಗೆ ಕೂತಿತ್ತು.

ಕೊನೆಯ ಸಾಲು ಬಿಚ್ಚಿಕೊಂಡಿತು. ಬಟ್ಟೆಯ ಮೇಲೆ ಬೆವರಿನ ಉಪ್ಪು ಬೆಳ್ಳಗೆ ಅಂಚು ಕಟ್ಟಿ ಹಸನಬ್ಬರ ಬೆನ್ನಿನ ಅಗಲವನ್ನು ತೋರಿಸುತ್ತಿತ್ತು. ಅವಳು ಬಟ್ಟೆಯನ್ನು ಮಗುಚಿದಳು. ತುಂಡಾದ ಜಾಗದಲ್ಲಿ ಹಗ್ಗ ಹುರಿ ಬಿಟ್ಟು, ಇಲಿ ಕಡಿದ ಹಾಗಿತ್ತು. ಅದಕ್ಕೆ ಸುತ್ತಿದ್ದ ನೀಲಿ ಬಟ್ಟೆಯ ಪಟ್ಟಿ ಇನ್ನೂ ಜೋತಾಡುತ್ತಿತ್ತು.

ಆ ನೀಲಿ ಅವಳ ಮಗಳು ಶಹಲಾಳ ಹಳೆ ಯೂನಿಫಾರ್ಮಿನದು.

ಫೆಬ್ರವರಿಯಲ್ಲಿ ಈ ಹಗ್ಗ ಇಲ್ಲೇ ಸವೆದು ಕಿರುಬೆರಳಿನಷ್ಟಾಗಿತ್ತು. "ಇದು ಆಗುದಿಲ್ಲ, ಬಿಸಾಡಿ" ಎಂದು ಅವಳು ಹೇಳಿದ್ದಳು. "ಈ ಒಂದು ಸೀಸನ್ ಹೋಗ್ತದೆ. ನೀನು ಹೊಲಿ. ಹತ್ತುವುದು ನೀನಾ?" ಎಂದು ಅವನು ನಕ್ಕಿದ್ದ. ಅವಳು ಸವೆದಲ್ಲಿಗೆ ನೀಲಿ ಪಟ್ಟಿ ಸುತ್ತಿ, ದಾರ ಬಿಗಿದು, ಮೇಲೆ ಕ್ಯಾನ್ವಾಸ್ ಮುಚ್ಚಿ ಹೊಲಿದಿದ್ದಳು. ಹೊಲಿದು, ಹೊಸದರ ಹಾಗೆ ಕಾಣುತ್ತದೆಂದು ಸಮಾಧಾನವನ್ನೂ ಪಟ್ಟಿದ್ದಳು. ಮರುದಿನ ಬೆಲ್ಟ್ ಒಯ್ಯಲು ಬಾಗಿಲಿಗೆ ಬಂದ ಹಸನಬ್ಬ, ಒಳಗೆ ನೋಡದೆ ಗೋಡೆಯ ಕಡೆ ತಿರುಗಿ, "ನಿನ್ನ ಹೊಲಿಗೆಗೆ ಒರಗಿದ್ರೆ ಮನೆಯ ಜಗಲಿಯಲ್ಲಿ ಒರಗಿದ ಹಾಗೆ ಮಗಳೇ," ಎಂದಿದ್ದರು.

ನಫೀಸತ್‌ಗೆ ಕಿವಿಯವರೆಗೂ ಬಿಸಿಯೇರಿತು. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಒಬ್ಬರ ಹೆಸರು ಹೇಳುವುದು ಅವಳಿಗೆ ಸಾಧ್ಯವಿರಲಿಲ್ಲ. ಅಂಗಡಿಯ ಸಾಮಾನಿಗೂ ವಿಮೆಯಿತ್ತು. ಅದರ ಪಟ್ಟಿಯನ್ನು ಒಮ್ಮೆ ಶಹಲಾ ಓದಿ ಹೇಳಿದ್ದಳು: ಔಷಧ ಸಿಂಪಡಿಸುವ ಪಂಪು, ತಕ್ಕಡಿ, ಹೊಲಿಗೆ ಮೆಷಿನ್ ಒಂದು. ಈ ಮನೆಯಲ್ಲಿದ್ದ ಅಂಗಡಿಯ ಮೆಷಿನ್ ಪಟ್ಟಿಯಲ್ಲಿತ್ತು. ಅದರ ಮುಂದೆ ಐದು ವರ್ಷ ಬೆನ್ನು ಬಗ್ಗಿಸಿದವಳು ಇರಲಿಲ್ಲ. ಆಗ ತಾಯಿ ಮಗಳು ಅದಕ್ಕೆ ನಕ್ಕಿದ್ದರು. ಮೆಷಿನ್ ಹಾಳಾದರೆ ಕೇಳುವವರಿದ್ದಾರೆ; ಹಸನಬ್ಬರ ಸೊಂಟ ಮುರಿದರೆ ಅವರದೇ ತಪ್ಪು; ಇವಳ ಕೈಯ ಸುಳ್ಳಿಗೆ ಅಲ್ಲಾಹನ ಮುಂದೆ ಉತ್ತರ ಕೊಡುವವಳು ಇವಳೊಬ್ಬಳೇ. ಅಲ್ಲಿಗೆ ಇಮ್ತಿಯಾಜ್ ಯಾವ ಬಿಲ್ ಹಿಡಿದುಕೊಂಡು ಬರುತ್ತಾನೆ?

ಕೆಳಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ಹಗ್ಗ, ನೀಲಿ ಪಟ್ಟಿ, ನಂಬರಿನ ಬಟ್ಟೆ ಎಲ್ಲವನ್ನೂ ಒಟ್ಟಿಗೆ ಸುತ್ತಿ ಮೆಷಿನಿನ ಅಡಿಗೆ ತಳ್ಳಿ, ಅವಳು ಕೈ ತೊಳೆಯಲು ಹೋದಳು.

ಬಂದವನು ಶ್ರೀನಾಥ್, ಮೈಸೂರಿನವನು. ಅಪಘಾತವಾದಲ್ಲಿ ವಿಚಾರಿಸಿ ವರದಿ ಬರೆಯುವುದು ಅವನ ಕೆಲಸ. ಕನ್ನಡದವನೆಂದು ಗೊತ್ತಾದದ್ದೇ ಇಮ್ತಿಯಾಜ್ ಅವನನ್ನು ಊಟಕ್ಕೆ ಒಪ್ಪಿಸಿದ್ದ. ಮುಂದಿನ ಕೋಣೆಯಲ್ಲಿ ಗಂಡಸರು ಕೂತರು. ಪರದೆಯ ಈಚೆಯಿಂದ ನಫೀಸತ್ ರೊಟ್ಟಿಯ ತಟ್ಟೆ ಚಾಚಿದಳು.

"ಮೀನು ತಿನ್ನದವರು ಈ ದೇಶದಲ್ಲಿ ಹೇಗೆ ಬದುಕ್ತೀರಿ ಮಾರಾಯ್ರೆ?" ಇಮ್ತಿಯಾಜ್ ಕೇಳಿದ.

"ನಮ್ಮನೆಯವಳು ಸ್ಪಂದನಾನೂ ಅದೇ ಅಂತಾಳೆ. ದಿನಾ ತೊಗರಿಬೇಳೆ ನೋಡಿ ನೋಡಿ ಬೇಜಾರಾಗಿದೆ ಅಂತ. ಅಬ್ಬಾ, ಈ ಗಸಿ! ಇಂಥದ್ದು ತಿಂದು ಎಷ್ಟು ದಿನ ಆಯ್ತೋ."

ತಿಂದು ಮುಗಿಯುವ ಹೊತ್ತಿಗೆ ಅವನ ದನಿ ಕಚೇರಿಯದಾಯಿತು. "ಸರಿ, ಹಸನಬ್ಬರ ವಿಷಯ. ಬೆಲ್ಟ್ ಕಿತ್ತೋಯ್ತು ಅಂತ ಅವರು ಹೇಳ್ತಿದಾರಲ್ಲ?"

"ನೋವಿನ ಇಂಜೆಕ್ಷನ್ ಸರ್. ಎಂತೆಂತದೋ ಹೇಳ್ತಾರೆ. ಊರಲ್ಲಿ ತೆಂಗಿನ ಮರ ಹತ್ತಿದವರು, ಬರಿಗೈಯಲ್ಲಿ ಹತ್ತುವ ಚಟ. ನಾನು ನೂರು ಸಲ ಹೇಳಿದ್ದೇನೆ." ಇಮ್ತಿಯಾಜ್ ನಕ್ಕ. "ಮಂಗನಿಗೂ ಬೆಲ್ಟ್ ಹಾಕ್ಬಹುದು, ಅವರಿಗೆ ಹಾಕ್ಲಿಕ್ಕಾಗುದಿಲ್ಲ."

ಪರದೆಯ ಹಿಂದೆ ನಫೀಸತ್‌ಳ ಕೈಯಲ್ಲಿದ್ದ ಸೌಟು ಪಾತ್ರೆಗೆ ಬಡಿಯಿತು. ಮಂಗನಂತೆ! ಹತ್ತುವ ಮುಂಚೆ ಬೆಲ್ಟನ್ನು ಎರಡು ಸಲ ಜಗ್ಗಿ ನೋಡಿ, ಬಿಸ್ಮಿ ಹೇಳದೆ ಕಾಲೆತ್ತದವರು. ಅವರ ಈ ಪುಕ್ಕಲುತನವನ್ನು ಇದೇ ಇಮ್ತಿಯಾಜ್ ಮನೆಯಲ್ಲಿ ಅಭಿನಯಿಸಿ ತೋರಿಸಿ ನಗಿಸಿದ್ದ.

"ಬೆಲ್ಟ್‌ಗಳು ಹೊಸದಾ?"

"ವರ್ಷ ವರ್ಷ ಹೊಸದು ಸರ್. ಬಿಲ್ ಉಂಟು."

"ಆ ಬೆಲ್ಟ್ ಸಿಕ್ಕಿದ್ದಿದ್ರೆ ಬೇರೆ ಮಾತಾಗ್ತಿತ್ತು. ಅವರ ಕಡೆ ಬರೀ ಬಾಯಿಮಾತು, ನಿಮ್ಮ ಕಡೆ ಕಾಗದ. ನಾನು ಕಾಗದ ನೋಡಿ ಬರೆಯೋನು. ಭಾನುವಾರ ಒಪ್ಪಿಸ್ಬೇಕು." ಶ್ರೀನಾಥ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ನಿನ್ನೆ ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು ಬಿಡ್ಲೇ ಇಲ್ಲ ಆ ಮನುಷ್ಯ. ಸುಳ್ಳು ಹೇಳೋರ ಥರ ಕಾಣಿಸ್ಲಿಲ್ಲ. ಆದ್ರೆ ಅದನ್ನ ಎಲ್ಲಿ ಬರೀಲಿ ಹೇಳಿ?"

"ಪಾಪದವರು," ಎಂದ ಇಮ್ತಿಯಾಜ್. "ನಾವೂ ಎಂತಾದರೂ ಸಹಾಯ ಮಾಡುವ." ಆ ಒಂದು ಮಾತಿಗೆ ನಫೀಸತ್ ಕಣ್ಣು ಮುಚ್ಚಿಕೊಂಡಳು.

ಕೈ ತೊಳೆಯಲು ಶ್ರೀನಾಥ್ ಎದ್ದಾಗ ಇಮ್ತಿಯಾಜ್ ಒಳಗೆ ಬಂದು ಪಿಸುಗುಟ್ಟಿದ: "ಮುಗೀತಲ್ಲ ಅದು?"

"ಬಿಚ್ಚಿ ಆಯ್ತು."

"ಬದುಕಿದೆವು. ಕಫೀಲ್‌ಗೆ ಗೊತ್ತಾದ್ರೆ ನಮ್ಮ ಇಕಾಮಾ ಕ್ಯಾನ್ಸಲ್. ಶಹಲಾ ಹತ್ತನೇ ಕ್ಲಾಸು, ನೆನಪಿರಲಿ." ಮತ್ತೆ ದನಿ ಎತ್ತಿ, ಹೊರಗೆ ಕೇಳುವ ಹಾಗೆ, "ಅವರ ಮನೆಯವರಿಗೆ ಎಂತಾದರೂ ಕಟ್ಟಿಕೊಡು ನಫೀಸಾ! ನಾನು ಕಾರಿನ ಏಸಿ ಹಾಕಿ ಬರ್ತೇನೆ, ಕೆಂಡದ ಹಾಗೆ ಆಗಿರ್ತದೆ," ಎಂದು ಕೀ ತೆಗೆದುಕೊಂಡು ಕೆಳಗೆ ಹೋದ.

ಊಟಕ್ಕೆ ಬಂದವರನ್ನು ಈ ಮನೆಯಿಂದ ಯಾರೂ ಬರಿಗೈಯಲ್ಲಿ ಕಳಿಸಿದ್ದಿಲ್ಲ. ನಫೀಸತ್ ಒಂದು ಡಬ್ಬಿಗೆ ರೊಟ್ಟಿ, ಇನ್ನೊಂದಕ್ಕೆ ಗಸಿ ತುಂಬಿ ಮುಚ್ಚಳ ಒತ್ತಿದಳು. ಮೊಳೆಗೆ ತೂಗುಹಾಕಿದ್ದ ಸಣ್ಣ ಚೀಲಕ್ಕೆ ಕೈ ಹಾಕಿದಳು. ಎರಡು ಡಬ್ಬಿಗೆ ಅದು ಸಾಕಿತ್ತು.

ಹತ್ತನೇ ಕ್ಲಾಸಿನ ಶಹಲಾ ಒಳಕೋಣೆಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಓದುತ್ತಿದ್ದಳು. ಇಕಾಮಾ, ಈ ದೇಶದಲ್ಲಿರುವ ಪರವಾನಗಿ, ಹೋದರೆ ಅವಳು ವರ್ಷದ ನಡುವೆ ಊರಿನ ಯಾವುದೋ ಶಾಲೆಗೆ ಸೇರಬೇಕು. ಇಮ್ತಿಯಾಜ್ ಮತ್ತೊಮ್ಮೆ ಮೊದಲಿನಿಂದ ಶುರು ಮಾಡಬೇಕು. ತನ್ನ ಮುಖವನ್ನು ಅವನು ಮತ್ತೆ ನೋಡುತ್ತಾನೋ ಇಲ್ಲವೋ. ಮೊನ್ನೆಯಿಂದ ಇದೆಲ್ಲವನ್ನೂ ಅವಳು ಯೋಚಿಸಿ ಆಗಿತ್ತು. ಹಸನಬ್ಬರಿಗೆ ನಾಲ್ಕು ಹೆಣ್ಣುಮಕ್ಕಳಿದ್ದರು, ಅವರಲ್ಲೂ ಒಬ್ಬಳು ಹತ್ತನೇ ಕ್ಲಾಸು. ಅದನ್ನು ಈ ಮನೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅವಳು ಸಣ್ಣ ಚೀಲವನ್ನು ವಾಪಸ್ ಮೊಳೆಗೆ ಹಾಕಿದಳು. ಕಪಾಟಿನಿಂದ ಅಂಗಡಿಯ ದೊಡ್ಡ ಬಟ್ಟೆಚೀಲ ತೆಗೆದಳು. ಮೆಷಿನಿನ ಅಡಿಗೆ ಬಗ್ಗಿ ಸುರುಳಿಯನ್ನು ಎಳೆದು, ಹದಿನೇಳು ಎಂಬ ಹಸನಬ್ಬರ ಕೆಂಪು ನಂಬರು ಮೇಲೆ ಕಾಣುವ ಹಾಗೆ ಚೀಲದ ತಳದಲ್ಲಿಟ್ಟಳು. ನೀಲಿ ಪಟ್ಟಿಯನ್ನು ಮುಚ್ಚಲಿಲ್ಲ. ಅದರ ಮೇಲೆ ಪೇಪರು, ಪೇಪರಿನ ಮೇಲೆ ಡಬ್ಬಿ.

"ಆಯ್ತಾ ನಫೀಸಾ? ಯಲ್ಲಾ, ಬೇಗ, ಅವರಿಗೆ ದೂರ ಹೋಗ್ಲಿಕ್ಕುಂಟು!" ಮೆಟ್ಟಿಲ ಮೇಲಿಂದ ಇಮ್ತಿಯಾಜ್ ಕೂಗಿದ.

"ಆಯ್ತು," ಎಂದಳು ಅವಳು, ಚೀಲದ ಕಿವಿಗಳನ್ನು ಬಿಗಿದು ಕಟ್ಟುತ್ತ.