ತೊಟ್ಟು ನೋಡುವ ಹಂತ

ಎರಡು ವರ್ಷದ ಹಿಂದೆ ಡ್ರೈವರಣ್ಣನ ಅರ್ಜಿ ಕಳೆದುಹೋಗಿ ಅವನು ಮತ್ತೆ ಸಾಲಿನ ತುದಿಗೆ ನಿಂತಾಗ, "ಇನ್ನೊಂದ್ಸಲ ನಿಮ್ಮನ್ನ ಮೊದಲಿಂದ ಶುರು ಮಾಡಿಸಲ್ಲ ಅಣ್ಣ, ಇದು ನನ್ನ ಮಾತು" ಎಂದಿದ್ದಳು ಪಟ್ಟಿಯಕ್ಕ. ಕೃತಕ ಕಾಲು ಮಾಡುವ ಆ ಕೇಂದ್ರದಲ್ಲಿ ಯಾರ ಕಾಲು ಯಾವ ಹಂತದಲ್ಲಿದೆ ಎಂಬ ಪಟ್ಟಿ ಇಡುವುದು ಅವಳ ಕೆಲಸ. ಹೆಸರೂ ಅದರಿಂದಲೇ ಬಂದದ್ದು.

ಶುಕ್ರವಾರ ಸಂಜೆ ಅವಳು ಕಂಪ್ಯೂಟರಿನ ಮುಂದೆ ಕೂತಿದ್ದಳು. ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ಹಳೆಯ ಕ್ರಮದಲ್ಲಿ ಏಳು ಹಂತ, ಹೊಸದರಲ್ಲಿ ಹನ್ನೆರಡು. ಅರ್ಧದಲ್ಲಿರುವ ಅರ್ಜಿಗಳನ್ನೆಲ್ಲ ಅಂದೇ ಹೊಸದಕ್ಕೆ ಸೇರಿಸಬೇಕು, ಸೋಮವಾರದಿಂದ ಹಳೆಯದು ತೆರೆಯುವುದೇ ಇಲ್ಲ ಎಂದು ಕೇಂದ್ರ ನಡೆಸುವ ಮೇಡಂ ಹೇಳಿದ್ದರು. ಎಲ್ಲ ಸರಾಗವಾಗಿ ಹೋಗುತ್ತಿತ್ತು, 'ತೊಟ್ಟು ನೋಡುವುದು' ಬರುವ ತನಕ. ತಾತ್ಕಾಲಿಕ ಕಾಲನ್ನು ಮನೆಗೆ ಒಯ್ದು ಎರಡು ವಾರ ನಡೆದು, ಒತ್ತುವ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿ ತರುವುದು. ಆ ಗುರುತು ನೋಡಿ ಪ್ಲಾಸ್ಟರ್ ಅಚ್ಚನ್ನು ತಿದ್ದಿ, ಅದರ ಮೇಲೆ ಪಕ್ಕಾ ಕಾಲು ಮಾಡುವುದು. ಹೊಸ ಕ್ರಮದಲ್ಲಿ ಆ ಹಂತವೇ ಇರಲಿಲ್ಲ. ಅಲ್ಲಿದ್ದ ಒಂಬತ್ತು ಜನರನ್ನು ಎಲ್ಲಿಗೆ ಹಾಕಲಿ ಎಂದು ಕಂಪ್ಯೂಟರ್ ಕೇಳುತ್ತಿತ್ತು.

ಮೇಡಂಗೆ ಫೋನ್ ಮಾಡಿದಳು. "ಮುಂದಕ್ಕೆ ಹಾಕಿ ಯಾರಾದ್ರೂ ಬಿದ್ರೆ ನಮ್ಮ ತಲೆಗೆ ಬರುತ್ತೆ. ಅನುಮಾನ ಇದ್ರೆ ಹಿಂದಕ್ಕೆ ಹಾಕಿಬಿಡಿ" ಎಂದರು ಅವರು.

ಒಂದೊಂದನ್ನೇ ತೆರೆದು, ಅಚ್ಚಿನ ಕೋಣೆಗೆ ಹೋಗಿ ಕೇಳಿ ಬರಬಹುದಿತ್ತು. ಅರ್ಧ ಗಂಟೆಯ ಕೆಲಸ. ಆದರೆ ಮಗಳಿಗೆ ಜ್ವರ, ಬಂದು ಕರೆದುಕೊಂಡು ಹೋಗಿ ಎಂದು ಶಾಲೆಯಿಂದ ಆಗಲೇ ಎರಡು ಸಲ ಫೋನ್ ಬಂದಿತ್ತು. ಅವಳು ಒಂಬತ್ತನ್ನೂ ಒಟ್ಟಿಗೆ ಆರಿಸಿ ಮೊದಲ ಹಂತವಾದ 'ಹೊಸ ಅರ್ಜಿ'ಗೆ ಕಳಿಸಿದಳು. ಹೆಸರುಗಳನ್ನು ಓದಲಿಲ್ಲ.

ಸೋಮವಾರ ಬೆಳಿಗ್ಗೆ ಅಚ್ಚಿನ ಕೋಣೆಯ ಕಪಾಟಿನಲ್ಲಿ ಒಂಬತ್ತು ಖಾನೆಗಳು ಖಾಲಿ. ಬಾಗಿಲ ಪಕ್ಕ ಬಿಳಿ ಚೂರುಗಳು ತುಂಬಿದ ಚೀಲ. ಅಚ್ಚು ಮಾಡುವ ಪ್ಲಾಸ್ಟರ್ ಮಾವ ಕೈ ತೊಳೆಯುತ್ತಿದ್ದ.

"ಇದೇನು ಮಾವ?"

"ನೀನೇ ಕಳಿಸಿದ್ದಲ್ಲ. ಹೊಸ ಅರ್ಜಿ, ಹಳೇ ಅಚ್ಚು ಒಡೆದು ಖಾನೆ ಖಾಲಿ ಮಾಡು ಅಂತ ಚೀಟಿ ಬಂತು, ಒಂಬತ್ತು. ಶನಿವಾರ ಒಡೆದೆ."

"ನನ್ನನ್ನೊಂದು ಮಾತು ಕೇಳಬಾರದಿತ್ತಾ?"

"ಮೂವತ್ತು ವರ್ಷ ಕೇಳ್ಕೊಂಡೇ ಬಂದೆ ಮಗಳೇ. ಕೇಳಿದಾಗೆಲ್ಲ ಬೈಸ್ಕೊಂಡೆ. ಈಗ ಚೀಟಿಯಲ್ಲಿರೋದು ಮಾಡು, ತಲೆ ಓಡಿಸಬೇಡ ಅಂದ್ರು. ಓಡಿಸಲಿಲ್ಲ."

ಹತ್ತು ಗಂಟೆಗೆ ಡ್ರೈವರಣ್ಣ ಬಂದ. ಬಸ್ಸು ಓಡಿಸುವುದು ನಿಂತು ನಾಲ್ಕು ವರ್ಷವಾದರೂ ಆ ಹೆಸರು ಅವನನ್ನು ಬಿಟ್ಟಿರಲಿಲ್ಲ. ತಾತ್ಕಾಲಿಕ ಕಾಲನ್ನು ಚೀಲದಿಂದ ತೆಗೆದು, ಮಗುವನ್ನು ಮಲಗಿಸುವಂತೆ ಅವಳ ಮೇಜಿನ ಮೇಲಿಟ್ಟ. ಒಂದೇ ಒಂದು ಪೆನ್ಸಿಲ್ ಗುರುತು.

"ಇಲ್ಲಿ ಒಂಚೂರು ಒತ್ತುತ್ತೆ ಅಕ್ಕ, ಬೇರೇನಿಲ್ಲ. ನನ್ನ ಹೆಂಡತಿ ಅಂತೂ, ಕಾಲು ಇಲ್ಲದಾಗ್ಲೇ ಮನೇಲಿ ನಿಲ್ತಿರಲಿಲ್ಲ, ಇನ್ನು ಹಿಡಿಯೋರ್ಯಾರು ಅಂತಾಳೆ." ನಕ್ಕ. "ಶಾಲೆಯ ಗೇಟಿನ ಕೆಲಸ ಈ ತಿಂಗಳ ಕೊನೆವರೆಗೂ ನನಗೇ ಇಟ್ಟಿದಾರಂತೆ. ಅಷ್ಟರಲ್ಲಿ ಆಗುತ್ತಲ್ಲ?"

ಅವಳು ಪರದೆ ನೋಡಿದಳು. ಹೊಸ ಅಚ್ಚಿಗೆ ಸರದಿ ಹತ್ತು ವಾರಕ್ಕೆ. ಈ ಒಂಬತ್ತು ಜನರ ಅಚ್ಚನ್ನು ಮೊದಲು ಮಾಡಿಸಿ ಎಂದು ಬೆಳಿಗ್ಗೆಯೇ ಮೇಡಂ ಮುಂದೆ ನಿಂತು ಕೇಳಿಕೊಂಡಿದ್ದಳು. ಒಂಬತ್ತು ಜನಕ್ಕೆ ಸಾಲು ಮುರಿದರೆ ಉಳಿದವರು ಸುಮ್ಮನಿರುತ್ತಾರಾ ಎಂದಿದ್ದರು ಅವರು.

"ಕ್ರಮ ಬದಲಾಯ್ತು ಅಣ್ಣ. ನಿಮ್ಮ ಅಚ್ಚು... ಒಡೆದುಹೋಗಿದೆ. ಕಂಪ್ಯೂಟರಲ್ಲಿ ನಿಮ್ಮದು ಹಿಂದಕ್ಕೆ ಹೋಯ್ತು."

ಅವನು ಕಾಲಿನ ಮೇಲಿದ್ದ ಪೆನ್ಸಿಲ್ ಗುರುತನ್ನು ಹೆಬ್ಬೆರಳಿನಿಂದ ಸವರಿದ. "ಎಷ್ಟು ಹಿಂದಕ್ಕೆ?"

"ಮೊದಲಿಗೆ."

ಅವನು ಕಾಲನ್ನು ಮತ್ತೆ ಚೀಲಕ್ಕೆ ಹಾಕಿಕೊಂಡ. ಆಮೇಲೆ ಅವನೇ, "ನೀವೇನು ಮಾಡ್ತೀರಿ ಬಿಡಿ ಅಕ್ಕ. ಕಂಪ್ಯೂಟರಿಗೆ ಮನುಷ್ಯರ ಕಷ್ಟ ಗೊತ್ತಾಗುತ್ತಾ?" ಎಂದ.

ನಾನೇ ಕಳಿಸಿದ್ದು ಎಂದು ಹೇಳಲು ಬಾಯಿ ತೆರೆದಳು. ಅವನು ಅವಳನ್ನೇ ನೋಡುತ್ತಿದ್ದ, ಸಮಾಧಾನ ಮಾಡುವವನ ಹಾಗೆ. ಅವಳು ಮುದ್ರಣಯಂತ್ರದಿಂದ ಹೊಸ ಅರ್ಜಿಯ ಹಾಳೆ ಎಳೆದು ಪೆನ್ನು ತೆಗೆದುಕೊಂಡಳು. ವಯಸ್ಸು, ವಿಳಾಸ, ಯಾವ ಕಾಲು, ಮೊಣಕಾಲಿನ ಕೆಳಗೋ ಮೇಲೋ. ಎಲ್ಲವೂ ಅವಳಿಗೆ ಬಾಯಿಪಾಠವಿತ್ತು. ಆದರೂ ಒಂದೊಂದನ್ನೂ ಕೇಳಿದಳು, ಅವನು ಒಂದೊಂದಕ್ಕೂ ಉತ್ತರಿಸಿದ.

ಅವನನ್ನು ಮೊದಲಿಂದ ಶುರು ಮಾಡಿಸುವುದಿಲ್ಲ ಎಂದು ಕೊಟ್ಟ ಮಾತನ್ನು ಅವಳು ಉಳಿಸಿಕೊಳ್ಳಲಿಲ್ಲ.