ಮನೆಯ ಸನ್ನೆ

ಸುಕನ್ಯ ಮಗಳ ಭುಜದ ಮೇಲಿಂದ ಬಗ್ಗಿ ಫೋನಿನೊಳಗಿದ್ದ ಹುಡುಗನಿಗೆ ಕೈಬೀಸಿದಳು. ಅವನೂ ಹಲ್ಲೆಲ್ಲ ಕಾಣುವಂತೆ ನಕ್ಕು ಕೈಬೀಸಿದ. ಲಿಖಿತಳ ಬೆರಳುಗಳು ಮತ್ತೆ ಗಾಳಿಯಲ್ಲಿ ಓಡತೊಡಗಿದವು.

"ಒಂದ್ ಸದ್ದಿಲ್ಲ, ಗದ್ಲಿಲ್ಲ, ಎಷ್ಟೊತ್ತಿಂದ ಮಾತಾಡ್ತಾಳೆ ನೋಡು," ಎಂದರು ಅತ್ತೆ ಅಕ್ಕಯ್ಯಮ್ಮ, ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತ. "ನೀನೂ ನನ್ ಮಗನ ಜೊತೆ ಇಂಗೇ ಮಾತಾಡಿದ್ರೆ ಮನೆ ಎಷ್ಟು ತಣ್ಣಗಿರ್ತಿತ್ತೇ ಅಮ್ಮಣ್ಣಿ!"

"ನನ್ ಕೈ ನೋಡೋಕೆ ನಿಮ್ ಮಗ ಟೀವಿ ಬಿಟ್ಟು ಕಣ್ಣೆತ್ಬೇಕಲ್ಲ ಅತ್ತೆ," ಎಂದು ನಗುತ್ತ ಸುಕನ್ಯ ಅಡುಗೆಮನೆಗೆ ಹೋದಳು.

ಲಿಖಿತಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಬಂಗಾರಪೇಟೆಯ ಶಾಲೆಗೆ ಸೇರಿದ ಮೇಲೆ ಕೈಭಾಷೆ ಕಲಿತಿದ್ದಳು. ಆದರೆ ರಜೆಗೆಂದು ಬೇತಮಂಗಲದ ಪಕ್ಕದ ಈ ಊರಿಗೆ ಬಂದರೆ ಆ ಭಾಷೆ ಆಡುವವರು ಯಾರೂ ಇರಲಿಲ್ಲ. ಕಿವಿ ಕೇಳದವರ ಒಂದು ವಾಟ್ಸಾಪ್ ಗುಂಪಿನಲ್ಲಿ ಈ ಹುಡುಗನ ಪರಿಚಯವಾಗಿತ್ತು. ಬೇರೆ ಊರಿನ ಇಂಥದೇ ಶಾಲೆಯಲ್ಲಿ ಓದಿದವನಂತೆ. ಅವನು ಬಂದ ಮೇಲೆ ಮಗಳು ನಗುತ್ತಿದ್ದಳು. ಸುಕನ್ಯ ಸುಮ್ಮನೆ ಬಿಟ್ಟವಳೇನಲ್ಲ. ಬಿ.ಎ. ಓದಿದವಳು, ಪೇಪರಿನಲ್ಲಿ ಬರುವುದನ್ನೆಲ್ಲ ಓದಿ ಹೆದರುವವಳು. ಫೋನು ಪಡಸಾಲೆಯಲ್ಲಿ, ಎಲ್ಲರೆದುರಿಗೇ ಎಂದು ಕಟ್ಟುನಿಟ್ಟು ಮಾಡಿದ್ದಳು. ಮಗಳು ಒಮ್ಮೆಯೂ ಅದನ್ನು ಮೀರಿರಲಿಲ್ಲ.

ಹಾಲು ಇಳಿಸಿ, ಸುಲಿದ ಕಾಳಿಗೆ ಪಾತ್ರೆ ಹಿಡಿದು ಅವಳು ಬಾಗಿಲಿಗೆ ಬಂದಳು. ಅಲ್ಲಿಂದ ಫೋನು ಓರೆಯಾಗಿ ಕಾಣುತ್ತಿತ್ತು. ಆ ಹುಡುಗ ಮುಷ್ಟಿ ಕಟ್ಟಿದ, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಆಮೇಲೆ ತೋರುಬೆರಳನ್ನು ಮೂಗಿನ ಎಡಪಕ್ಕಕ್ಕೆ ಇಟ್ಟ.

ಸುಕನ್ಯಳ ಕಾಲು ಹೊಸಿಲಲ್ಲೇ ನಿಂತಿತು.

ಅದು ಯಾವ ಶಾಲೆಯ ಸನ್ನೆಯೂ ಅಲ್ಲ. ಲಿಖಿತ ಶಾಲೆಯ ಮುಖ ಕಾಣುವ ಮೊದಲು ಈ ಮನೆಯಲ್ಲಿ ಹುಟ್ಟಿದ್ದು. ಕೆನ್ನೆಗೆ ಬೆರಳು ಚುಚ್ಚಿದರೆ ಎಲೆಯಡಿಕೆ ಒತ್ತಿಕೊಂಡ ಅಜ್ಜಿ. ಮೂಗಿನ ಎಡಪಕ್ಕ ಮುಟ್ಟಿದರೆ ಮೂಗುಬೊಟ್ಟಿನ ಅಮ್ಮ. ಸೊಂಟಕ್ಕೆ ಸಿಕ್ಕಿಸುವ ಮುಷ್ಟಿಯನ್ನಂತೂ ಸುಕನ್ಯ ತಾನೇ ಕಲಿಸಿದ್ದಳು, ರಾಬರ್ಟ್‌ಸನ್‌ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ. ಡಾಕ್ಟರಿಗೆ ತೋರಿಸಿಕೊಂಡು ಬರುವಾಗ ಮಗು ಐಸ್‌ಕ್ಯಾಂಡಿಗೆ ಕೈಚಾಚುತ್ತಿತ್ತು. ತಣ್ಣಗಿನದು ಕಿವಿಗೆ ಕೆಟ್ಟದ್ದು ಎಂಬುದು ಅತ್ತೆಯ ಹಟ. ಕೊಡಿಸಿ, ಬಾಯಿ ಒರೆಸಿ, ಮುಷ್ಟಿಯನ್ನು ಸೊಂಟಕ್ಕೆ ಸಿಕ್ಕಿಸಿ, ಕೆನ್ನೆಗೆ ಬೆರಳು ಚುಚ್ಚಿ ತೋರಿಸಿದ್ದಳು: ಅಜ್ಜಿಗೆ ಹೇಳಬೇಡ. ಮಗು ಕಿಲಕಿಲ ನಕ್ಕಿತ್ತು.

ಈಗ ಗುರುತಿಲ್ಲದ ಊರಿನ ಯಾವನೋ ಅವಳ ಮಗಳಿಗೆ ಹೇಳುತ್ತಿದ್ದ: ಅಮ್ಮನಿಗೆ ಹೇಳಬೇಡ.

ಲಿಖಿತ ಆಗಲಿ ಎಂದು ತಲೆಯಾಡಿಸಿದಳು.

ಪಡಸಾಲೆಯ ನಡುವೆ, ಅಜ್ಜಿಯ ಮಗ್ಗುಲಲ್ಲಿ. ಇಷ್ಟು ದಿನವೂ ಸುಕನ್ಯ ಅಡುಗೆಮನೆಯಿಂದ ಕಿವಿಗೊಟ್ಟು ಕಾವಲು ಕಾದಿದ್ದಳು. ಏನೂ ಕೇಳಿಸದ್ದರಿಂದ ಎಲ್ಲ ಸರಿಯಿದೆ ಅಂದುಕೊಂಡಿದ್ದಳು.

ಹೋಗಿ ಫೋನು ಎತ್ತಿಕೊಂಡಳು. ಅವಳನ್ನು ಕಂಡದ್ದೇ ಹುಡುಗ ಹಲ್ಲು ಬಿಟ್ಟು ಕೈಬೀಸಿದ. ಅಭ್ಯಾಸಬಲದಿಂದ ಅವಳ ಕೈಯೂ ಅರ್ಧ ಮೇಲೆದ್ದಿತು. ತನ್ನದೇ ಕೈ ನೋಡಿ ಅವಳಿಗೆ ಹೇಸಿಗೆಯಾಯಿತು. ಕರೆ ಕಡಿದಳು.

"ಯಾಕೇ, ಚಾರ್ಜ್ ಓಯ್ತಾ?"

"ಅವನು ನಮ್ಮನೆ ಸನ್ನೆ ಮಾಡ್ದ ಅತ್ತೆ."

"ಮಾಡಿದ್ರೇನೀಗ? ಇವ್ಳೇ ಕಲ್ಸಿರ್ತಾಳೆ."

"ಅಮ್ಮಂಗೆ ಏಳ್ಬೇಡ ಅಂದ."

ಅಕ್ಕಯ್ಯಮ್ಮನ ಕೈಯಲ್ಲಿದ್ದ ಕಾಯಿ ಅರ್ಧ ಬಿಚ್ಚಿದಂತೆಯೇ ಉಳಿಯಿತು. "ಏನ್ನ?"

ಅದೇ ಗೊತ್ತಿರಲಿಲ್ಲ. ಸುಕನ್ಯ ಮಗಳ ಎದುರು ಕೂತು ಫೋನು ತೋರಿಸಿ, ಏನೆಂದು ಕೈತಿರುವಿದಳು. ಲಿಖಿತ ಮುಷ್ಟಿ ಕಟ್ಟಿ ಸೊಂಟಕ್ಕೊತ್ತಿಕೊಂಡಳು. ಸುಕನ್ಯ ಮತ್ತೆ ಕೇಳಿದಳು. ಎರಡನೆಯ ಮುಷ್ಟಿಯೂ ಅದರ ಮೇಲೆ ಕೂತಿತು. ಹುಡುಗಿಯ ಕಣ್ಣು ತುಂಬಿ ಬಂತು.

ಸುಕನ್ಯ ಶಾಲೆಯ ಕಲ್ಪನ ಟೀಚರಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದಳು.

"ಏನೂ ಅಳಿಸ್ಬೇಡಿ ಸುಕನ್ಯ ಅವರೇ," ಎಂದರು ಟೀಚರು. "ನಂಬರ್, ಮೆಸೇಜು, ಫೋಟೋ, ಎಲ್ಲ ಹಾಗೇ ಇರ್ಲಿ. ಮಗೂನ ಗದರ್ಬೇಡಿ. ಈಗ್ಲೇ ಬಸ್ ಹತ್ತೀನಿ. ಬಂದ್ಮೇಲೆ ಸೇರಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡೋಣ."

"ನನಗೇ ಹೇಳ್ತಿಲ್ಲ ಮೇಡಂ ಅವಳು."

"ಹೇಳಿದ್ರೆ ಏನಾಗುತ್ತೋ ಅಂತ ಹೆದ್ರಿರ್ತಾಳೆ. ಏನೂ ಆಗಲ್ಲ ಅಂತ ಗೊತ್ತಾಗ್ಬೇಕು, ಅಷ್ಟೆ."

ಸುಕನ್ಯ ಫೋನನ್ನು ಅವರೆಸಿಪ್ಪೆಯ ರಾಶಿಯ ಮೇಲೆ ಬೋರಲಾಗಿ ಇಟ್ಟಳು. ಆಮೇಲೆ ಮಗಳಿಗೆ ಕಾಣುವಂತೆ ಅತ್ತೆಯ ಕಡೆ ತಿರುಗಿ ತನ್ನ ಸೊಂಟದಿಂದ ಮುಷ್ಟಿಯನ್ನು ಎಳೆದು ತೆಗೆದಳು. ಬೆರಳು ಬಿಡಿಸಿದಳು. ನಾಲಗೆ ಚಾಚಿ ಐಸ್‌ಕ್ಯಾಂಡಿ ನೆಕ್ಕಿ ತೋರಿಸಿದಳು.

"ಅತ್ತೆ, ಪೇಟೆಗೆ ಓದಾಗೆಲ್ಲ ಇವಳಿಗೆ ಐಸ್ ಕೊಡ್ಸಿದ್ದೀನಿ. ನಿಮಗೆ ಏಳ್ಬೇಡ ಅಂತಿದ್ದೆ."

ಲಿಖಿತ ಬೆಚ್ಚಿ ಅಜ್ಜಿಯ ಮುಖ ನೋಡಿದಳು.

"ಅಯ್ಯೋ ನಿನ್ನ! ನಂಗ್ ಗೊತ್ತಿಲ್ವಾ? ಕುಂಕುಮದ ಥರ ಕೆಂಪು ನಾಲ್ಗೆ ಇಟ್ಕೊಂಡ್ ಬತ್ತಿದ್ಲಲ್ಲ ಮುಂಡೇದು!" ಅಕ್ಕಯ್ಯಮ್ಮ ತಮ್ಮ ನಾಲಗೆಯನ್ನು ಉದ್ದಕ್ಕೆ ಚಾಚಿ, ಅದಕ್ಕೆ ಬೆರಳು ತೋರಿಸಿ, ಮೊಮ್ಮಗಳ ಕೆನ್ನೆ ಹಿಂಡಿದರು. ನಗಲು ಹೋದರು, ಆಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಸಿಪ್ಪೆಯ ರಾಶಿ ಅಲುಗಿತು. ಬೋರಲು ಬಿದ್ದ ಫೋನು ಒಳಗೊಳಗೇ ಅದುರುತ್ತಿತ್ತು. ಹಸಿರು ಸಿಪ್ಪೆಗಳು ಒಂದೊಂದಾಗಿ ಜಾರಿ ನೆಲಕ್ಕೆ ಬೀಳುತ್ತಿದ್ದವು. ಯಾರೂ ಅದನ್ನು ಮುಟ್ಟಲಿಲ್ಲ. ಲಿಖಿತ ಅದನ್ನೇ ನೋಡುತ್ತಿದ್ದಳು. ಅದುರುವುದು ನಿಂತ ಮೇಲೆ ತನ್ನ ಮುಷ್ಟಿಯನ್ನು ಸೊಂಟದಿಂದ ಮೆಲ್ಲಗೆ ತೆಗೆದು, ಇನ್ನೂ ಬಿಚ್ಚದೆ, ಅಮ್ಮನ ಅಂಗೈ ಮೇಲೆ ಇಟ್ಟಳು.